ಸೋಪಿನ ಗುಳ್ಳೆ ಊದೋ ಆಟಿಕೆ ಮಾಡಿದ್ದೀರಾ? ಅನುಭವ ಹೇಳಿ

ಕೇಳಿದವರು: ನಾಲ್ಕನೇ ತರಗತಿ ಟೀಚರ್, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನವೆಂಬರ್ 14ಕ್ಕೆ ನಮ್ಮ ಶಾಲೆಯಲ್ಲಿ ಮಕ್ಕಳ ಸಂತೆ. ಸೊಪ್ಪು, ಚುರುಮುರಿ, ಮಜ್ಜಿಗೆ ಎಲ್ಲ ಪ್ರತಿ ವರ್ಷ ಇದ್ದಿದ್ದೇ. ಈ ಸಲ ನನ್ನ ತರಗತಿಯವರು ಗುಳ್ಳೆ ಊದೋ ಆಟಿಕೆ ನಾವೇ ಮಾಡಿ 10 ರೂಪಾಯಿಗೆ ಮಾರ್ತೀವಿ ಅಂತ ಹಠ ಹಿಡಿದು ಕೂತಿದ್ದಾರೆ. 26 ಮಕ್ಕಳು, 60 ಆಟಿಕೆ.

ಮೊನ್ನೆ ಒಂದು ಪ್ರಯತ್ನ ಮಾಡಿದ್ವಿ. ಮೈಸೋಪು ತುರಿದು ಬೋರ್‌ವೆಲ್ ನೀರಲ್ಲಿ ಕಲಸಿದ್ವಿ, ಕಂಬಿ ಕಟ್ಟೋ ಬೈಂಡಿಂಗ್ ವೈರ್ ಬಗ್ಗಿಸಿ ಉಂಗುರ ಮಾಡಿದ್ವಿ. ನೊರೆ ಬೇಕಾದಷ್ಟು ಬಂತು, ಗುಳ್ಳೆ ಬರಲಿಲ್ಲ. ಹತ್ತು ಸಲ ಊದಿದ್ರೆ ಒಂದು, ಅದೂ ಉಂಗುರ ಬಿಡೋ ಮೊದಲೇ ಒಡೆದುಹೋಗೋದು. ಇದರ ಮಧ್ಯೆ ಒಬ್ಬ ಹುಡುಗ ಎಲ್ಲಿಂದಲೋ ಸ್ಟ್ರಾ ತಂದು, ಊದೋ ಬದಲು ಎಳೆದುಬಿಟ್ಟ. ಬಾಯಿ ತೊಳೆಸಿ ನೀರು ಕುಡಿಸಿದೆ, ಏನೂ ಆಗಲಿಲ್ಲ, ಆದ್ರೆ ಸಂಜೆವರೆಗೂ ನನ್ನ ಎದೆ ಹೊಡ್ಕೋತಿತ್ತು. ಚೆಲ್ಲಬಾರದು, ಮಕ್ಕಳು ಕುಡಿಯೋಕೆ ಆಗಬಾರದು, ಅವರ ಕೈಯಲ್ಲೇ ಮಾಡೋ ಹಾಗಿರಬೇಕು. ಏನಾದ್ರೂ ದಾರಿ ಇದೆಯಾ?

ಹುಬ್ಬಳ್ಳಿಯಿಂದ

ಟೀಚರ್, ಮೊದಲ ನೀರು ಬದಲಿ ಮಾಡ್ರಿ. ಬೋರಿನ ನೀರು ಗಡಸು ಇರ್ತೈತಿ. ಅದಕ್ಕ ಮೈಸಬಕಾರ ಬಿದ್ರ ಬಕೆಟ್ಟಿನ ಅಂಚಿಗೆ ಬೆಳ್ಳಗ ಮೊಸರು ಒಡದಂಗ ಕುಂದರತೈತಲ್ಲ, ನಿಮ್ಮ ಸಬಕಾರ ಅಲ್ಲೇ ಖರ್ಚಾಗಿ ಹೋಗೇತಿ. ನೀರಿನ್ಯಾಗಿನ ಕ್ಯಾಲ್ಸಿಯಂ ಅದನ್ನ ಹಿಡಕೊಂಡು ಬಿಡತೈತಿ, ಗುಳ್ಳಿಗೆ ಏನೂ ಉಳಿಯೂದಿಲ್ಲ. ಪಾತ್ರಿ ತೊಳಿಯೂ ಲಿಕ್ವಿಡ್ ತಗೋರಿ, ಫಿಲ್ಟರ್ ನೀರು ಇಲ್ಲಾ ಮಳಿ ನೀರು ಹಾಕ್ರಿ. ನನ್ನ ಮಗಳಿಗೆ ನಾ ಮಾಡೂ ಲೆಕ್ಕ: ನೀರು 600 ಎಂಎಲ್, ಲಿಕ್ವಿಡ್ 100, ಔಷಧ ಅಂಗಡ್ಯಾಗ ಸಿಗೂ ಗ್ಲಿಸರಿನ್ 20. ಚಮಚದಿಂದ ಮೆಲ್ಲಕ ತಿರುವ್ರಿ, ಮಜ್ಜಿಗಿ ಕಡದಂಗ ಕಡೀಬ್ಯಾಡ್ರಿ. ಮ್ಯಾಲ ನೊರಿ ನಿಂತಿದ್ರ ಉಂಗುರದಾಗ ಪೊರಿ ಹಿಡಿಯೂದಿಲ್ಲ. ರಾತ್ರಿ ಮಾಡಿಟ್ಟು ಮುಂಜಾನೆ ತಗೀರಿ.

ಗ್ಲಿಸರಿನ್ ಹಾಕಿದ್ರ ಪೊರಿಯಾಗಿನ ನೀರು ಲಗೂನ ಆರೂದಿಲ್ಲ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಊದಿದ್ರ ಎದಿ ಮಟ್ಟಕ್ಕ ಏರೂದ್ರಾಗ ಪಟ್ ಅಂತೈತಿ. ನಿಮ್ಮದು ನವೆಂಬರ್, ಅದೂ ಮುಂಜಾನೆ ಸಂತಿ ಅಂದ್ರ ಚಿಂತಿ ಇಲ್ಲ.

ಪುತ್ತೂರು ಕಡೆಯಿಂದ

ಸ್ಟ್ರಾದ ಸುದ್ದಿಗೇ ಹೋಗಬೇಡಿ ಮೇಡಂ. 2022ರ ಜುಲೈಯಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧ. ಕಾಗದದ್ದು ಸೋಪು ನೀರಲ್ಲಿ ಸ್ವಲ್ಪ ಹೊತ್ತಿಗೇ ನೆನೆದು ಬಾಯಿ ಮುಚ್ಚಿಕೊಳ್ತದೆ. ನಾವು ಸಣ್ಣವರಿರುವಾಗ ಪಪ್ಪಾಯಿ ಎಲೆಯ ದಂಟೇ ನಮ್ಮ ಕೊಳವೆ. ಹಣ್ಣಾಗಿ ಹಳದಿ ತಿರುಗಿದ ಎಲೆಯದ್ದು ತೆಗೆಯಬೇಕು, ಹಸುರು ಎಲೆಯ ದಂಟಿನಲ್ಲಿ ಸೊನೆ ಜಾಸ್ತಿ, ತುಟಿ ಉರೀತದೆ. ಒಂದು ಗೇಣು ಕತ್ತರಿಸಿ, ನೀರಲ್ಲಿ ಹಾಕಿಟ್ಟು, ಒಳಗೆ ಊದಿ ತೊಳೆದರೆ ಆಯ್ತು. ತುದಿಯನ್ನು ನಾಲ್ಕು ಸೀಳು ಮಾಡಿ ಹೂವಿನ ಹಾಗೆ ಹೊರಗೆ ಬಗ್ಗಿಸಿದರೆ ಗುಳ್ಳೆ ನಿಂಬೆಯಿಂದ ಮೂಸಂಬಿಗೆ ಬರ್ತದೆ. ಇಲ್ಲಿ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಜಗಲಿಯಲ್ಲಿ ಕೂತು ಊದಿದ ಗುಳ್ಳೆ ಅಂಗಳ ದಾಟಿ ಹಟ್ಟಿಯ ಮಾಡಿನವರೆಗೆ ಹೋಗುವುದಿತ್ತು.

ಬೇಲಿಯ ಕಾಡುಹರಳಿನ ತೊಟ್ಟು ಅರ್ಧ ಮುರಿದು ಊದಿದರೆ ಸೋಪೇ ಬೇಡ, ಅದರ ಸೊನೆಯಲ್ಲೇ ಗುಳ್ಳೆ ಬರ್ತದೆ. ಯಾರಾದರೂ ಅದನ್ನು ಹೇಳುವ ಮೊದಲು ನಾನೇ ಹೇಳ್ತೇನೆ: ವಿಷದ ಗಿಡ, ಶಾಲೆಗೆ ಬೇಡ. ಅಂಗಿಗೆ ಬಿದ್ದ ಕಲೆಯೂ ಹೋಗುವುದಿಲ್ಲ. ನನ್ನ ಬೆನ್ನಿಗೆ ಬಿದ್ದ ಪೆಟ್ಟಿನ ಲೆಕ್ಕ ಅಮ್ಮನಿಗೇ ಗೊತ್ತು.

ಪೀಣ್ಯ, ಪ್ಲಾಸ್ಟಿಕ್ ಮೋಲ್ಡ್ ಕೆಲಸದವನು

ಮೇಲೆ ಇಬ್ಬರೂ ಹೇಳಿದ್ದು ಸರಿ. ಆದ್ರೆ ಟೀಚರ್, ನಿಮ್ಮ ಉಂಗುರ ಹಾಗೇ ಇದ್ರೆ ನೀರು ಎಷ್ಟು ಚೆನ್ನಾಗಿದ್ರೂ ಅರ್ಧ ಕೆಲಸವೇ. ಜಾತ್ರೆಯಲ್ಲಿ ಸಿಗೋ ಗುಳ್ಳೆ ಕಡ್ಡಿ ಒಂದನ್ನ ತಗೊಂಡು ಉಂಗುರದ ಮೇಲೆ ಉಗುರು ಎಳೆದು ನೋಡಿ. ಗರಗಸದ ಥರ ಸಣ್ಣ ಸಣ್ಣ ಹಲ್ಲು ಸಿಗುತ್ತೆ. ಅದು ಅಂದಕ್ಕೆ ಇಟ್ಟಿದ್ದಲ್ಲ.

ನನಗೆ ಇದು ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಸುಮಾರು ವರ್ಷದ ಹಿಂದೆ ಒಬ್ಬರಿಗೆ ಗುಳ್ಳೆ ಕಡ್ಡಿಯ ಮೋಲ್ಡ್ ಮಾಡಿಕೊಟ್ಟೆ. ಪೀಸ್ ಸಲೀಸಾಗಿ ಬಿಡಲಿ, ನೋಡೋಕೂ ಚೆನ್ನಾಗಿರಲಿ ಅಂತ ಕನ್ನಡಿ ಹಾಗೆ ಪಾಲಿಶ್ ಮಾಡಿದ್ದೆ. ಉಂಗುರ ಬಳೆಯಷ್ಟು ನುಣುಪು. ಗಿರಾಕಿ ಮಾರನೇ ದಿನವೇ ಚೀಲ ತಂದು ಮೇಜಿನ ಮೇಲೆ ಸುರಿದ್ರು: ಒಂದು ಸಲ ಅದ್ದಿದ್ರೆ ಒಂದೇ ಗುಳ್ಳೆ, ಅದೂ ಅಡಿಕೆ ಗಾತ್ರದ್ದು. ನುಣುಪಾದ ಉಂಗುರದಲ್ಲಿ ಪೊರೆ ಕಟ್ಟೋದಕ್ಕೆ ಬೇಕಾದಷ್ಟೇ ನೀರು ನಿಲ್ಲುತ್ತೆ. ಊದಿದಾಗ ಪೊರೆ ಹಿಗ್ಗುತ್ತೆ, ಹಿಗ್ಗೋಕೆ ಇನ್ನಷ್ಟು ನೀರು ಬೇಕು, ಅದು ಎಲ್ಲಿಂದ ಬರಬೇಕು? ಉಂಗುರದ ಅಂಚಿನಿಂದಲೇ. ಹಲ್ಲುಗಳ ಸಂದಿಯಲ್ಲಿ ನಿಂತ ನೀರು ಆಗ ಇಳಿದು ಬರುತ್ತೆ. ಮೋಲ್ಡ್ ಬಿಚ್ಚಿ ಗೀರು ಹಾಕಿಸಿದ ಮೇಲೆ ಅದೇ ಕಡ್ಡಿ, ಅದೇ ನೀರು, ಒಂದು ಅದ್ದಿಗೆ ಎಂಟು ಹತ್ತು ಗುಳ್ಳೆ ಸಾಲಾಗಿ ಹೊರಟವು.

ನಿಮಗೆ ಗೀರು ಹಾಕೋ ಮೆಷಿನ್ ಬೇಡ, ಹೂ ಕಟ್ಟೋ ದಾರ ಸಾಕು. ಉಂಗುರಕ್ಕೆ ಒತ್ತೊತ್ತಾಗಿ ಸುತ್ತಿಸಿ. ಹತ್ತಿ ದಾರವೇ ಆಗಬೇಕು, ನೈಲಾನ್ ನೀರು ಹೀರಲ್ಲ. ಬೈಂಡಿಂಗ್ ವೈರ್ ಬಿಡಿ, ತುದಿ ಚುಚ್ಚುತ್ತೆ, ತುಕ್ಕು ಹಿಡಿಯುತ್ತೆ. ನೀರಿನ ಬಾಟಲಿ ಮುಚ್ಚಳ ತೆಗೆದಾಗ ಕುತ್ತಿಗೆಯಲ್ಲಿ ಒಂದು ಪ್ಲಾಸ್ಟಿಕ್ ಬಳೆ ಉಳಿಯುತ್ತಲ್ಲ, ಅದು ಸುಮಾರು 3 ಸೆಂಟಿಮೀಟರ್ ಅಗಲ. ಮಕ್ಕಳ ಉಸಿರಿಗೆ ಅದೇ ಸರಿ. ಉಂಗುರ ಚಿಕ್ಕದಾದಷ್ಟೂ ಜೋರಾಗಿ ಊದಬೇಕು. ದೊಡ್ಡದು ಬೇಕು ಅಂದ್ರೆ 2.4 ಸೈಜಿನ ಪ್ಲಾಸ್ಟಿಕ್ ಬಳೆಗೆ ದಾರ ಸುತ್ತಿ ಕಡ್ಡಿ ಕಟ್ಟಿ, ಆದ್ರೆ ಅದನ್ನ ಊದೋದಲ್ಲ, ಕೈಯಲ್ಲಿ ಬೀಸೋದು.

ಅಂದ ಹಾಗೆ ಅದೇ ಗಿರಾಕಿ ಆಮೇಲೆ ಹಾರ್ಟ್ ಆಕಾರದ ಉಂಗುರ ಕೇಳಿದ್ರು, ಹಾರ್ಟ್ ಗುಳ್ಳೆ ಬರುತ್ತೆ ಅಂತ. ಉಂಗುರ ಚೌಕ ಇರಲಿ, ನಕ್ಷತ್ರ ಇರಲಿ, ಬಿಟ್ಟ ಮೇಲೆ ಗುಳ್ಳೆ ದುಂಡಗೇ ಆಗೋದು. ಒಳಗಿನ ಗಾಳಿಗೆ ಎಷ್ಟು ಕಡಿಮೆ ಹೊದಿಕೆಯಲ್ಲಿ ಆಗುತ್ತೋ ಅಷ್ಟಕ್ಕೆ ಪೊರೆ ಕುಗ್ಗುತ್ತೆ. ನಿಮ್ಮ ಮಕ್ಕಳ ಹತ್ತಿರ ಮೊದಲು ಊಹೆ ಮಾಡಿಸಿ, ಆಮೇಲೆ ಊದಿಸಿ.

ಚನ್ನಪಟ್ಟಣದಿಂದ

ಮರದಲ್ಲಿ ಮಾಡಿಸೋ ಯೋಚನೆ ಯಾರಿಗಾದ್ರೂ ಇದ್ರೆ ನನ್ನ ಕಥೆ ಕೇಳಿ. ಹಾಲೆ ಮರದಲ್ಲಿ ಲೇತ್ ಮೇಲೆ ಉಂಗುರ ಕಡೆದು, ಅರಗು ಹಾಕಿ, ತಾಳೆಗರಿ ಒತ್ತಿ ಹೊಳಪು ಕೊಟ್ಟೆ. ನೋಡೋಕೆ ಮುತ್ತು. ಸೋಪು ನೀರಲ್ಲಿ ಒಂದು ದಿನ ಬಿದ್ದಿತ್ತು ನೋಡಿ, ಹೊಳಪೆಲ್ಲ ಮಂಕಾಗಿ, ಬೆಳ್ಳಗೆ ಬೂದಿ ಹಿಡಿದ ಹಾಗೆ, ಮುಟ್ಟಿದ್ರೆ ಅಂಟು. ಅರಗಿಗೆ ಕ್ಷಾರ ಆಗಲ್ಲ, ಮೈಸೋಪಲ್ಲಿ ಅದು ಇದ್ದೇ ಇರುತ್ತೆ. ಈಗ ಹಿಡಿಗೆ ಮಾತ್ರ ಅರಗು, ಅದ್ದೋ ಕಡೆ ಬರೀ ಮರ, ಅದಕ್ಕೆ ದಾರ. ಪೀಣ್ಯದವರು ಹೇಳಿದ ದಾರದ ಮಾತು ನೂರಕ್ಕೆ ನೂರು ನಿಜ.

ಇನ್ನೊಂದು ಮಾತು, ಶಾಲೆ ಸಂತೆ ದಾಟಿ ಅಂಗಡಿಗೆ ಇಡೋ ಆಸೆ ಬಂದ್ರೆ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳಿಗೆ ವಿನಾಯಿತಿ ಇದೆ, ನಾನು ಅದರಲ್ಲೇ ಬರ್ತೀನಿ.

ಕೇಳಿದವರು

ದಾರ ಸುತ್ತಿ ನೋಡಿದೆ! ಹಳೇ ವೈರ್ ಉಂಗುರಕ್ಕೇ ಸುತ್ತಿದ್ದು, ಹಳೇ ಸೋಪು ನೀರೇ, ಆದ್ರೂ ಮೂರು ಗುಳ್ಳೆ ಬಂತು. ಲಿಕ್ವಿಡ್ ನಾಳೆ ತರಿಸ್ತೀನಿ. ಗ್ಲಿಸರಿನ್ ಬದಲು ಸಕ್ಕರೆ ಹಾಕಬಹುದಾ? ನೀರು ಚೆಲ್ಲೋದಕ್ಕೆ ಏನು ಮಾಡಲಿ?

ಮೈಸೂರು, ಎರಡು ಮಕ್ಕಳ ತಾಯಿ

ಸಕ್ಕರೆ ಹಾಕಿದ್ರೆ ಗುಳ್ಳೆ ಚೆನ್ನಾಗೇ ಬರುತ್ತೆ ಮಿಸ್, ಆಮೇಲೆ ಇರುವೆ ಬರುತ್ತೆ. ನಮ್ಮನೆ ರೆಡ್ ಆಕ್ಸೈಡ್ ನೆಲ ಎರಡು ದಿನ ಕಾಲಿಗೆ ಅಂಟುತ್ತಾ ಇತ್ತು, ಕೆಲಸದ ಅಕ್ಕ ನನ್ನ ಮುಖ ನೋಡಿ ಏನೂ ಹೇಳಲಿಲ್ಲ ಅಷ್ಟೇ. ಗ್ಲಿಸರಿನ್ನೇ ತಗೊಳ್ಳಿ. ಅಂಟುವಾಳ ಕಾಯಿ ನೆನೆಸಿಟ್ಟೂ ನೋಡಿದ್ದೀನಿ, ನೊರೆ ಜಾಸ್ತಿ, ಕಣ್ಣಿಗೆ ಬಿದ್ರೆ ಉರಿ ತಡೆಯೋಕಾಗಲ್ಲ.

ಚೆಲ್ಲೋದಕ್ಕೆ ನಾನು ಮಾಡಿದ್ದು ಇಂಕ್ ಪ್ಯಾಡ್ ಉಪಾಯ. ಮುಚ್ಚಳ ಇರೋ ಚಪ್ಪಟೆ ಡಬ್ಬಿ, ತಳಕ್ಕೆ ಪಾತ್ರೆ ತೊಳೆಯೋ ಸ್ಪಾಂಜಿನ ತುಂಡು, ಅದು ಕುಡಿಯೋಷ್ಟು ಮಾತ್ರ ನೀರು. ಉಂಗುರ ಒತ್ತಿದ್ರೆ ಪೊರೆ ಹಿಡಿದುಕೊಂಡು ಬರುತ್ತೆ. ಡಬ್ಬಿ ಬೋರಲು ಬಿದ್ರೂ ನೆಲ ಒದ್ದೆ ಆಗಲ್ಲ, ಹೀರೋಕೆ ಅಲ್ಲಿ ನೀರೇ ನಿಂತಿರಲ್ಲ. ಯಾರಾದ್ರೂ ಕೊಳವೆಯೇ ಬೇಕು ಅಂದ್ರೆ ಬಾಯಿಯ ಹತ್ತಿರ ಕತ್ತರಿಯಲ್ಲಿ ಒಂದು ಕಚ್ಚು ಹಾಕಿ. ಎಳೆದಾಗ ಆ ಕಿಂಡಿಯಿಂದ ಗಾಳಿಯೇ ಒಳಗೆ ಬರುತ್ತೆ. ಗುಂಡುಸೂಜಿ ತೂತು ಸಾಲದು, ನಾನು ಮೊದಲು ಅದನ್ನೇ ಮಾಡಿ ಎಳೆದು ನೋಡಿದೆ, ಬಾಯಿಗೆ ಬಂತು. ಲಿಂಬೆ ವಾಸನೆ, ರುಚಿ ಮಾತ್ರ ಥೂ.

ಕೇಳಿದವರು, ಸಂತೆ ಮುಗಿದ ಮೇಲೆ

60 ಅಂದುಕೊಂಡಿದ್ದು 43 ಆಯ್ತು. ಬಾಟಲಿ ಬಳೆ ಎಷ್ಟು ಬೇಕಾದ್ರೂ ಸಿಕ್ತು, ಚಪ್ಪಟೆ ಡಬ್ಬಿ ಸಿಗಲಿಲ್ಲ. ಕೊನೆಗೆ ಬ್ಯಾಂಡೇಜ್ ಸುರುಳಿ ಬರೋ ಡಬ್ಬಿ, ಮುಲಾಮು ಡಬ್ಬಿ ಎಲ್ಲ ಮನೆಮನೆಯಿಂದ ತೊಳೆಸಿ ತಂದ್ವಿ. ದಾರ ಸುತ್ತೋದ್ರಲ್ಲಿ ಹೂ ಕಟ್ಟೋ ಮನೆಯ ಹುಡುಗಿ ಎಲ್ಲರಿಗೂ ಗುರು, ಒಂದು ಉಂಗುರಕ್ಕೆ ಅವಳಿಗೆ ಎರಡು ನಿಮಿಷ, ನನಗೆ ಹತ್ತು. 31 ಮಾರಾಟ, ಉಳಿದಿದ್ದನ್ನ ಅಂಗನವಾಡಿ ಮಕ್ಕಳಿಗೆ ಕೊಟ್ವಿ. ಪಪ್ಪಾಯಿ ದಂಟನ್ನ ಮಾರಲಿಲ್ಲ, ತರಗತಿಯಲ್ಲಿ ಒಂದು ದಿನ ಊದಿದ್ವಿ. ಮಾರನೇ ದಿನಕ್ಕೆ ಬಾಡಿಹೋಯ್ತು.

ಹಾರ್ಟ್ ಉಂಗುರದ ಊಹೆ ಮಾಡಿಸಿದೆ. 26ರಲ್ಲಿ 24 ಜನ ಹಾರ್ಟ್ ಗುಳ್ಳೆಯೇ ಬರುತ್ತೆ ಅಂದ್ರು. ದುಂಡಗೆ ಬಂದಾಗ ಒಬ್ಬಳು "ಮಿಸ್, ನೀವು ಸರಿಯಾಗಿ ಊದಿಲ್ಲ" ಅಂದಳು. ಅವಳು ಇನ್ನೂ ಒಪ್ಪಿಲ್ಲ, ದಿನಾ ಊದ್ತಾ ಇದ್ದಾಳೆ. ಉಳಿದ ನೀರು ಒಂದು ಲೀಟರ್ ಇದೆ, ಎಷ್ಟು ದಿನ ಇಡಬಹುದು?

ಹುಬ್ಬಳ್ಳಿಯಿಂದ

ಇಡಬ್ಯಾಡ್ರಿ ಟೀಚರ್. ಮಕ್ಕಳ ಕೈ ಬಾಯಿ ತಾಗಿದ ನೀರು, ವಾರದಾಗ ವಾಸನಿ ಹಿಡಿತೈತಿ. ಆ ಹುಡುಗಿಗೆ ಒಂದು ಡಬ್ಬಿ ಕೊಟ್ಟು, ಉಳಿದದ್ದು ಇವತ್ತ ಊದಿ ಮುಗಿಸಿಬಿಡ್ರಿ.