ಮಗ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಫಾರ್ವರ್ಡ್, ಆಟ ಸುಧಾರಿಸುತ್ತಿದೆ. ಮುಂದೆ ಏನು? ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಪೆನ್ಸಿಲ್ವೇನಿಯಾಗೆ ಬಂದು 22 ವರ್ಷ ಆಯಿತು. ಮಗ ಇಲ್ಲೇ ಹುಟ್ಟಿದವನು. ಒಂದು ಚಿಕ್ಕ ಡಿವಿಷನ್ 3 (ಕಾಲೇಜು ಆಟದ ಮೂರು ಮಟ್ಟಗಳಲ್ಲಿ ಕೆಳಗಿನದು) ಕಾಲೇಜಿನಲ್ಲಿ ಈಗ ಎರಡನೇ ವರ್ಷ ಮುಗಿಸಿದ್ದಾನೆ. ಎತ್ತರ 6 ಅಡಿ 6 ಇಂಚು, ಬ್ಯಾಸ್ಕೆಟ್‌ಬಾಲ್‌ನಲ್ಲಿ ಫಾರ್ವರ್ಡ್. ಮೊದಲ ವರ್ಷ ಹೆಚ್ಚಾಗಿ ಬೆಂಚಿನ ಮೇಲೆ ಕೂತಿದ್ದ, ಪಂದ್ಯಕ್ಕೆ 3 ಪಾಯಿಂಟ್ ಬಂದರೆ ದೊಡ್ಡದು. ಈ ವರ್ಷ ಎಲ್ಲಾ ಪಂದ್ಯ ಶುರುವಿನಿಂದಲೇ ಆಡಿದ. ಪಂದ್ಯಕ್ಕೆ 13 ಪಾಯಿಂಟ್, 8 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯೋದು). ಕೊನೆಯ ತಿಂಗಳಲ್ಲಂತೂ ಅವನ ಆಟ ನೋಡಿ ನನಗೇ ಇವನು ನನ್ನ ಮಗನಾ ಅನ್ನಿಸಿತು.

ಈಗ ಟ್ರಾನ್ಸ್‌ಫರ್ ಪೋರ್ಟಲ್‌ಗೆ (ಕಾಲೇಜು ಬದಲಿಸುವ ಆಟಗಾರರ ಪಟ್ಟಿ) ಹೆಸರು ಹಾಕಿ ಎಲ್ಲಕ್ಕಿಂತ ಮೇಲಿನ ಮಟ್ಟದ ಡಿವಿಷನ್ 1 ಕಾಲೇಜಿಗೆ ಹೋಗಬೇಕು ಅಂತಾನೆ. ಅವರಪ್ಪನಿಗೆ ಎಂಜಿನಿಯರಿಂಗ್ ಓದು ಅರ್ಧಕ್ಕೆ ನಿಂತುಬಿಡುತ್ತದೆ ಅನ್ನೋ ಭಯ. ಕೋಚ್ 'ಒಳ್ಳೇ ಭವಿಷ್ಯ ಇದೆ' ಅಂತ ಮಾತ್ರ ಹೇಳುತ್ತಾರೆ. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಹುಡುಗ ಎಲ್ಲಿಯವರೆಗೆ ಹೋಗಬಲ್ಲ ಅಂತ ಅಳೆಯೋದು ಹೇಗೆ? ನಿಮ್ಮ ಮಕ್ಕಳು ಆಡಿದ್ದರೆ, ನೀವೇ ಆಡಿದ್ದರೆ, ದಯವಿಟ್ಟು ಬರೆಯಿರಿ.

ಮಿಶಿಗನ್‌ನಿಂದ ಒಬ್ಬರು

ಅಕ್ಕಾ, ನಮಸ್ಕಾರ. ನಾನು ಬೆಂಗಳೂರಿನಲ್ಲಿ ಓದುವಾಗ ಯೂನಿವರ್ಸಿಟಿಗೆ ಆಡಿದವನು. ಈಗ ಆನ್ ಆರ್ಬರ್ ಹತ್ತಿರ ಇದ್ದೇನೆ. ಹನ್ನೊಂದು ವರ್ಷದಿಂದ ಶನಿವಾರ, ಭಾನುವಾರ ಹೈಸ್ಕೂಲು ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು, 3ರಿಂದ 13ಕ್ಕೆ ಏರಿದ್ದು ಸಣ್ಣ ಮಾತಲ್ಲ. ಹುಡುಗನಿಗೆ ನನ್ನ ಶಭಾಷ್ ಹೇಳಿ. ಆದರೆ ಪಾಯಿಂಟ್ ಲೆಕ್ಕ ನೋಡಿ ಭವಿಷ್ಯ ಅಳೆಯಬೇಡಿ. ಆಡುವ ನಿಮಿಷ ಜಾಸ್ತಿ ಆದರೆ ಪಾಯಿಂಟ್ ಹೇಗೂ ಜಾಸ್ತಿ ಆಗುತ್ತದೆ.

ನೀವು ಒಂದು ಕೆಲಸ ಮಾಡಿ. ಈ ವರ್ಷದ ಯಾವುದಾದರೂ ಸೋತ ಪಂದ್ಯದ ವಿಡಿಯೋ ಹಾಕಿಕೊಳ್ಳಿ. ಚೆಂಡನ್ನು ನೋಡಬೇಡಿ, ಮಗನನ್ನು ಮಾತ್ರ ನೋಡಿ. ಚೆಂಡು ಅವನ ಕೈಯಲ್ಲಿ ಇಲ್ಲದಾಗ ಅವನು ಏನು ಮಾಡುತ್ತಾನೆ? ಎದುರಾಳಿಗೆ ಅಡ್ಡ ನಿಂತು ಗೆಳೆಯನಿಗೆ ದಾರಿ ಮಾಡಿಕೊಡುವ ಸ್ಕ್ರೀನ್ ಕೊಡುತ್ತಾನಾ, ಸುಮ್ನೆ ನಿಂತಿರುತ್ತಾನಾ? ಪಾಸ್ ಬರದಿದ್ದರೂ ಓಡುತ್ತಾನಾ? ತನ್ನ ಶಾಟ್ ತಪ್ಪಿದ ಮೇಲೆ ಡಿಫೆನ್ಸ್‌ಗೆ ಎಷ್ಟು ಬೇಗ ವಾಪಸ್ ಬರುತ್ತಾನೆ? ಮೇಲಿನ ಮಟ್ಟಕ್ಕೆ ಹೋದ ದಿನ ಚೆಂಡು ಅವನಿಗೆ ಇಷ್ಟು ಸಿಗುವುದಿಲ್ಲ. ಆಗ ಅವನ ಕೈಯಲ್ಲಿ ಉಳಿಯುವುದು ಈ ಕೆಲಸಗಳೇ.

ಇನ್ನೊಂದು ಎತ್ತರದ ವಿಷಯ. ಡಿವಿಷನ್ 3ರಲ್ಲಿ 6 ಅಡಿ 6 ಇಂಚಿನ ಹುಡುಗ ದೊಡ್ಡಾಳು. ಬುಟ್ಟಿಯ ಹತ್ತಿರ ನಿಂತು ರೀಬೌಂಡ್ ತೆಗೆಯುತ್ತಾನೆ. ಡಿವಿಷನ್ 1ರಲ್ಲಿ ಅದೇ ಎತ್ತರದವರು ಹೊರಗಡೆ, ಮೂರು ಪಾಯಿಂಟ್ ಗೆರೆಯ ಹತ್ತಿರ ಆಡುತ್ತಾರೆ. ಅಂದರೆ ನಿಮ್ಮ ಮಗ ಅಲ್ಲಿ ಬೇರೆ ಜಾಗದ ಆಟಗಾರ ಆಗಬೇಕು. ತನಗಿಂತ ಚುರುಕಾದವರ ಎದುರು ಕಾಲು ಆಡಿಸಿ ತಡೆಯಬೇಕು. ನನ್ನ ಕೈಯಲ್ಲಿ ಬೆಳೆದ ಮೂರು ಹುಡುಗರು ಮೇಲೆ ಹೋಗಿ ತೊಂದರೆ ಪಟ್ಟಿದ್ದು ಇದೇ ಕಾರಣಕ್ಕೆ. ಶಾಟ್ ಇತ್ತು, ಹೊರಗಡೆಯ ಡಿಫೆನ್ಸ್ ಇರಲಿಲ್ಲ.

ಡಿವಿಷನ್ 3ರಿಂದ ಮೇಲೆ ಹೋದವರು ಇಲ್ಲವಾ ಅಂದರೆ, ಇದ್ದಾರೆ. ಡಂಕನ್ ರಾಬಿನ್‌ಸನ್ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನಲ್ಲಿ ಒಂದು ವರ್ಷ ಆಡಿದ. ಅದು ಡಿವಿಷನ್ 3. ಅಲ್ಲಿ ಪಂದ್ಯಕ್ಕೆ 17 ಪಾಯಿಂಟ್. ಆಮೇಲೆ ನಮ್ಮೂರಿನ ಮಿಶಿಗನ್ ಯೂನಿವರ್ಸಿಟಿಗೆ ಬಂದ. ಆಗಿನ ನಿಯಮದಂತೆ ಒಂದು ವರ್ಷ ಹೊರಗೆ ಕೂತ. ಆಡಲು ಇಳಿದ ಮೇಲೆ ಅವನ ಪಾಯಿಂಟ್ 11ಕ್ಕೆ ಇಳಿಯಿತು, ಮುಂದಿನ ವರ್ಷ 8ರ ಆಸುಪಾಸು. ಕೊನೆಯ ವರ್ಷ ಎಷ್ಟೋ ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದು ಆಡಿದ. 2018ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ಅನ್ನೋ ಅಮೆರಿಕದ ದೊಡ್ಡ ವೃತ್ತಿಪರ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ, ಯಾವ ತಂಡವೂ ಆರಿಸಲಿಲ್ಲ. ಮಯಾಮಿ ಹೀಟ್ ಚಿಕ್ಕ ಕರಾರಿನ ಮೇಲೆ ಸೇರಿಸಿಕೊಂಡಿತು. 2019-20ರಲ್ಲಿ ಅದೇ ಹುಡುಗ ಒಂದೇ ಸೀಸನ್‌ನಲ್ಲಿ 270 ತ್ರೀ ಪಾಯಿಂಟರ್ (ಆ ಗೆರೆಯ ಹೊರಗಿನಿಂದ ಹಾಕುವ ಶಾಟ್) ಹಾಕಿದ.

ಕಾಲೇಜಿನ ಅಂಕಿ ಮಾತ್ರ ನೋಡಿದ್ದರೆ ಅವನು ಕೆಳಗೆ ಇಳಿದಿದ್ದಾನೆ ಅಂತ ಅನ್ನಿಸುತ್ತಿತ್ತು. ಆದರೆ ದೂರದಿಂದ ಶಾಟ್ ಹಾಕೋ ಒಂದು ವಿದ್ಯೆ ಅವನ ಜೊತೆ ಎಲ್ಲಾ ಮಟ್ಟಕ್ಕೂ ಹೋಯಿತು. ನಿಮ್ಮ ಮಗನ ಜೊತೆ ಹೋಗುವ ಆ ಒಂದು ವಿದ್ಯೆ ಯಾವುದು ಅಕ್ಕಾ? ಅದನ್ನು ಅವನ ಬಾಯಲ್ಲೇ ಕೇಳಿ.

ಟೆಕ್ಸಾಸ್‌ನಿಂದ ಒಬ್ಬ ತಾಯಿ

ನಿಮ್ಮ ಪ್ರಶ್ನೆ ಓದಿ ನನ್ನ ಹೊಟ್ಟೆ ಕಿವುಚಿದ ಹಾಗಾಯಿತು. ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಇದೇ ಮಾತು ನಡೆದಿತ್ತು.

ನನ್ನ ಮಗ ಚಿಕ್ಕ ಕಾಲೇಜಿನಲ್ಲಿ ಚೆನ್ನಾಗಿ ಆಡುತ್ತಿದ್ದ. ದೊಡ್ಡ ಕಾಲೇಜಿನವರು ಕರೆದರು, ಹೋದ. ಆ ವರ್ಷ ಇಡೀ ಅವನು ಆಡಿದ್ದು ಎಲ್ಲಾ ಸೇರಿ ಒಂದು ಪಂದ್ಯದಷ್ಟು ಹೊತ್ತು. ಅವನನ್ನು ಕರೆದ ಸಹಾಯಕ ಕೋಚ್ ಬೇಸಿಗೆಯಲ್ಲೇ ಬೇರೆ ಕಡೆ ಹೋಗಿಬಿಟ್ಟಿದ್ದರು. ಹೊಸಬರಿಗೆ ಇವನ ಹೆಸರೇ ಸರಿಯಾಗಿ ಗೊತ್ತಿರಲಿಲ್ಲ. ರಾತ್ರಿ ಫೋನ್ ಮಾಡಿ ಏನೂ ಮಾತಾಡದೆ ಸುಮ್ಮನೆ ಇರುತ್ತಿದ್ದ. ಆ ಮೌನ ನನಗೆ ಇವತ್ತಿಗೂ ನೆನಪಿದೆ.

ನಾವು ಕೇಳದೆ ಬಿಟ್ಟಿದ್ದನ್ನು ನೀವು ಕೇಳಿ. ಆ ಟೀಮಿನಲ್ಲಿ ಅವನ ಜಾಗದಲ್ಲಿ ಈಗ ಎಷ್ಟು ಜನ ಇದ್ದಾರೆ, ಅವರಲ್ಲಿ ಯಾರು ಹೋಗುತ್ತಿದ್ದಾರೆ. ಈಗ ಬಹುತೇಕ ಡಿವಿಷನ್ 1 ಟೀಮುಗಳಲ್ಲಿ 15 ಜನಕ್ಕೇ ಜಾಗ. ಅದರಲ್ಲಿ ದಿನಾ ಆಡುವವರು ಎಂಟೊಂಬತ್ತು ಮಂದಿ. 2024ರಿಂದ ಎಷ್ಟು ಸಲ ಕಾಲೇಜು ಬದಲಿಸಿದರೂ ಓದು ಸರಿಯಾಗಿದ್ದರೆ ಕೂಡಲೇ ಆಡಬಹುದು. ಇದು ನಮ್ಮ ಮಕ್ಕಳಿಗೆ ಅನುಕೂಲ ಅನ್ನಿಸುತ್ತದೆ. ಆದರೆ ಅದೇ ಜಾಗಕ್ಕೆ ಮೂರು ನಾಲ್ಕು ವರ್ಷ ಮೇಲಿನ ಮಟ್ಟದಲ್ಲಿ ಆಡಿದ ಅನುಭವಿಗಳೂ ಬರುತ್ತಾರೆ, ಅಲ್ವಾ?

ಓದಿನ ವಿಷಯದಲ್ಲಿ ಯಜಮಾನರ ಭಯಕ್ಕೆ ಕಾರಣ ಇದೆ. ಡಿವಿಷನ್ 1ರಲ್ಲಿ ಮೂರನೇ ವರ್ಷ ಶುರುವಾಗುವ ಹೊತ್ತಿಗೆ ಡಿಗ್ರಿಯ 40% ಮುಗಿದಿರಬೇಕು. ಅದು ಹೊಸ ಕಾಲೇಜಿನ ಡಿಗ್ರಿಯ ಲೆಕ್ಕದಲ್ಲಿ. ಹಳೇ ಕಾಲೇಜಿನ ಎಂಜಿನಿಯರಿಂಗ್ ಕ್ರೆಡಿಟ್‌ಗಳನ್ನು ಅವರು ಪೂರ್ತಿ ಒಪ್ಪದಿದ್ದರೆ ಆಡೋದಕ್ಕೇ ಅಡ್ಡಿ. ನನ್ನ ಮಗ ಇದಕ್ಕಾಗಿ ಎಂಜಿನಿಯರಿಂಗ್ ಬಿಟ್ಟು ಬೇರೆ ವಿಷಯ ತೆಗೆದುಕೊಂಡ. ಕ್ರೆಡಿಟ್ ಎಷ್ಟು ಒಪ್ಪುತ್ತಾರೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳದೆ ಹೂಂ ಅನ್ನಬೇಡಿ. ಡಿವಿಷನ್ 3ರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡೋದಿಲ್ಲ, ಡಿವಿಷನ್ 1ರಲ್ಲಿ ಕೊಡುತ್ತಾರೆ. ಅದು ನಿಜ. ಆದರೆ ನಿಮ್ಮ ಹುಡುಗನಿಗೆ ಎಷ್ಟು, ಎಷ್ಟು ವರ್ಷಕ್ಕೆ ಅನ್ನೋದೂ ಕಾಗದದ ಮೇಲೆ ಇರಲಿ.

ಪ್ರಶ್ನೆ ಕೇಳಿದ ತಾಯಿ

ತುಂಬಾ ಥ್ಯಾಂಕ್ಸ್. ಕ್ರೆಡಿಟ್ ವಿಷಯ ನಮಗೆ ಗೊತ್ತೇ ಇರಲಿಲ್ಲ, ಇವರಿಗೆ ಓದಿ ಹೇಳಿದೆ. ಮಿಶಿಗನ್ ತಮ್ಮನಿಗೆ ಒಂದು ಪ್ರಶ್ನೆ. ಮಗನ ತ್ರೀ ಪಾಯಿಂಟರ್ ಚೆನ್ನಾಗಿಲ್ಲ. ನೂರಕ್ಕೆ 28 ಬೀಳುತ್ತವೆ. ಅದು ಈ ವಯಸ್ಸಿನಲ್ಲಿ ಸರಿಹೋಗುತ್ತಾ? ಅಥವಾ ಅದು ಹುಟ್ಟಿನಿಂದ ಬರಬೇಕಾ?

ಮಿಶಿಗನ್‌ನಿಂದ ಮತ್ತೆ

ಸರಿಹೋಗುತ್ತದೆ ಅಕ್ಕಾ, ಆದರೆ ಎಲ್ಲರಿಗೂ ಅಲ್ಲ. ಅದಕ್ಕೆ ಒಂದು ಸುಳಿವು ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಶಾಟ್. ಅಲ್ಲಿ ಅಡ್ಡ ಬರುವವರು ಯಾರೂ ಇಲ್ಲ, ದೂರ ಯಾವಾಗಲೂ ಅದೇ. ಆ ಹುಡುಗನ ಕೈ ಹೇಗಿದೆ ಅನ್ನೋದು ಅಲ್ಲಿ ಕಾಣುತ್ತದೆ. ಫ್ರೀ ಥ್ರೋ ನೂರಕ್ಕೆ 75ರ ಮೇಲಿದ್ದು ತ್ರೀ ಪಾಯಿಂಟರ್ 28 ಇದ್ದರೆ ನಾನು ಆಸೆ ಇಟ್ಟುಕೊಳ್ಳುತ್ತೇನೆ. ಫ್ರೀ ಥ್ರೋ 55 ಇದ್ದರೆ ಬೇರೆ ದಾರಿ ನೋಡು ಅಂತೀನಿ.

ಕವಾಯ್ ಲೆನರ್ಡ್ ಸ್ಯಾನ್ ಡಿಯಾಗೋ ಸ್ಟೇಟ್‌ನಲ್ಲಿ ಎರಡನೇ ವರ್ಷ ಆಡುವಾಗ ತ್ರೀ ಪಾಯಿಂಟರ್ ನೂರಕ್ಕೆ 29 ಇತ್ತು, ಫ್ರೀ ಥ್ರೋ 76ರ ಹತ್ತಿರ. 2011ರ ಡ್ರಾಫ್ಟ್‌ನಲ್ಲಿ 15ನೆಯವನಾಗಿ ಹೋದ. ಸ್ಯಾನ್ ಆಂಟೋನಿಯೋ ಸ್ಪರ್ಸ್‌ನ ಶೂಟಿಂಗ್ ಕೋಚ್ ಚಿಪ್ ಎಂಗೆಲೆಂಡ್ ಅವನ ಶಾಟ್ ಪೂರ್ತಿ ಬಿಚ್ಚಿ ಕಟ್ಟಲಿಲ್ಲ. ತಲೆಯ ಹಿಂದಕ್ಕೆ ಹೋಗುತ್ತಿದ್ದ ಚೆಂಡನ್ನು ಮುಂದಕ್ಕೆ ತರಿಸಿದರು. ಮೊದಲ ವರ್ಷವೇ 37 ದಾಟಿತು.

ಪ್ಯಾಸ್ಕಲ್ ಸಿಯಾಕಮ್ ಕಥೆ ಬೇರೆ. ಕ್ಯಾಮರೂನ್‌ನಲ್ಲಿ ಸೆಮಿನರಿ ಶಾಲೆಯಲ್ಲಿ ಓದಿದ ಹುಡುಗ, ಆಟ ಶುರು ಮಾಡಿದ್ದೇ ತಡವಾಗಿ. ನ್ಯೂ ಮೆಕ್ಸಿಕೋ ಸ್ಟೇಟ್‌ನಲ್ಲಿ ಒಂದು ವರ್ಷ ಪಂದ್ಯ ಆಡದೆ ಬರೀ ಅಭ್ಯಾಸ ಮಾಡಿದ. ಆಮೇಲೆ ಪಂದ್ಯಕ್ಕೆ 13, ಅದರ ಮುಂದಿನ ವರ್ಷ 20 ಪಾಯಿಂಟ್. 2016ರಲ್ಲಿ 27ನೆಯವನಾಗಿ ಟೊರೊಂಟೊಗೆ ಹೋದ. ಆಗ ಅವನಿಗೆ ತ್ರೀ ಪಾಯಿಂಟರ್ ಇರಲೇ ಇಲ್ಲ ಅನ್ನಬಹುದು. ಆದರೂ ಆಡಿಸಿದರು, ಯಾಕೆ? ಕೋರ್ಟಿನ ಈ ತುದಿಯಿಂದ ಆ ತುದಿಗೆ ದಣಿವಿಲ್ಲದೆ ಓಡುತ್ತಿದ್ದ. ಯಾರನ್ನು ಬೇಕಾದರೂ ತಡೆಯುತ್ತಿದ್ದ. ಕೆಳಗಿನ ಲೀಗ್‌ಗೆ ಕಳಿಸಿದಾಗ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ, ಆ ತಂಡಕ್ಕೆ ಟ್ರೋಫಿ ಗೆದ್ದುಕೊಟ್ಟ. 2018-19ರ ಹೊತ್ತಿಗೆ ತ್ರೀ ಪಾಯಿಂಟರ್ ನೂರಕ್ಕೆ 37. ಆ ವರ್ಷವೇ ಟೊರೊಂಟೊ ಚಾಂಪಿಯನ್.

ಈ ಇಬ್ಬರೂ ಸಾವಿರಕ್ಕೆ ಒಬ್ಬರು ಅಂತ ನನಗೆ ಗೊತ್ತು. 350ಕ್ಕೂ ಹೆಚ್ಚು ಡಿವಿಷನ್ 1 ಕಾಲೇಜುಗಳಿವೆ, ಡ್ರಾಫ್ಟ್‌ನಲ್ಲಿ ಇರೋದು 60ರಷ್ಟು ಜಾಗ. ನಿಮ್ಮ ಮಗ ಅಲ್ಲಿಗೆ ಹೋಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಶಾಟ್ ಕೂಡಿ ಬರುವವರೆಗೆ ಕೋರ್ಟಿನಲ್ಲಿ ಉಳಿಯೋದಕ್ಕೆ ಇನ್ನೊಂದು ಕಾರಣ ಬೇಕು ಅಂತಷ್ಟೇ ಹೇಳುತ್ತಿದ್ದೇನೆ.

ಶಿಕಾಗೋದಿಂದ ಒಬ್ಬ ಫಿಸಿಯೋಥೆರಪಿಸ್ಟ್

ಮೇಡಂ, ದಾವಣಗೆರೆಯವಳು ನಾನು. ಆಟದ ಬಗ್ಗೆ ನನಗೆ ಹೆಚ್ಚು ತಿಳಿಯದು, ಮಂಡಿಯ ಬಗ್ಗೆ ತಿಳಿಯುತ್ತದೆ. ಬೆಂಚಿನಿಂದ ಎದ್ದು ಒಂದೇ ವರ್ಷದಲ್ಲಿ ಪೂರ್ತಿ ಪಂದ್ಯ ಆಡಲು ಶುರು ಮಾಡಿದ ಎತ್ತರದ ಹುಡುಗರು ನನ್ನ ಹತ್ತಿರ ಬರುವುದು ಒಂದೇ ನೋವಿಗೆ. ಮಂಡಿಚಿಪ್ಪಿನ ಕೆಳಗೆ, ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ನೋವು. ಜಿಗಿದು ಜಿಗಿದು ಅಲ್ಲಿನ ಸ್ನಾಯುರಜ್ಜು ಬಳಲಿರುತ್ತದೆ. ಮಕ್ಕಳು ಹೇಳುವುದಿಲ್ಲ, ಕೋಚ್ ಕೂರಿಸಿಬಿಡುತ್ತಾರೆ ಅನ್ನೋ ಭಯ.

ಮೆಟ್ಟಿಲು ಇಳಿಯುವಾಗ ನೋವಿದೆಯಾ ಅಂತ ಕೇಳಿ. ಇದ್ದರೆ ಪೂರ್ತಿ ಮಲಗಿಸುವುದೂ ತಪ್ಪು, ಹಾಗೇ ಆಡಿಸುವುದೂ ತಪ್ಪು. ಜಿಗಿತ ಕಡಿಮೆ ಮಾಡಿ, ನಿಧಾನವಾಗಿ ಭಾರ ಎತ್ತಿಸಿ ಆ ರಜ್ಜನ್ನು ಗಟ್ಟಿ ಮಾಡಬೇಕು. ಇದಕ್ಕೆ ವಾರಗಳಲ್ಲ, ತಿಂಗಳು ಬೇಕು. ಈ ಬೇಸಿಗೆಯಲ್ಲಿ ಮೈ ದಪ್ಪ ಮಾಡಿಕೊಳ್ಳಬೇಕು ಅಂತ ಆತುರಕ್ಕೆ ಬಿದ್ದು ಹತ್ತು ಕಿಲೋ ಏರಿಸುವುದು ಬೇಡ. ಆ ಭಾರ ಹೊರುವುದು ಅದೇ ಮಂಡಿ.

ಜರ್ಮನಿಯಿಂದ ಒಬ್ಬರು

ಎನ್‌ಬಿಎ ಒಂದೇ ಭವಿಷ್ಯ ಅಲ್ಲ ಅಂತ ಹೇಳೋದಕ್ಕೆ ಬರೆಯುತ್ತಿದ್ದೇನೆ. ನಮ್ಮ ಚಿಕ್ಕ ಊರಿನ ಕ್ಲಬ್‌ನಲ್ಲಿ ಪ್ರತಿ ವರ್ಷ ಇಬ್ಬರು ಮೂವರು ಅಮೆರಿಕದ ಹುಡುಗರು ಬರುತ್ತಾರೆ. ಹೆಸರು ಕೇಳದ ಕಾಲೇಜುಗಳಲ್ಲಿ ಓದಿದವರು. ಕ್ಲಬ್ ಮನೆ ಕೊಡುತ್ತದೆ, ಕೆಲವೊಮ್ಮೆ ಕಾರು ಕೊಡುತ್ತದೆ, ಸಂಬಳ ದೊಡ್ಡದಲ್ಲ. ಮೊದಲ ದರ್ಜೆಯ ಲೀಗ್ ಕಷ್ಟ, ಅಲ್ಲಿ 12 ಜನರ ತಂಡದಲ್ಲಿ 6 ಜಾಗ ಜರ್ಮನಿಯವರಿಗೇ ಮೀಸಲು. ಕೆಳಗಿನ ಲೀಗ್‌ಗಳಲ್ಲೂ ಹೊರಗಿನವನಿಗೆ ಕೊಡುವ ಜಾಗ ಕಮ್ಮಿ. ಹಾಗಾಗಿ ಬಂದವನು ಮೊದಲ ವಾರದಿಂದ ಗೆಲ್ಲಿಸಬೇಕು. ಇಲ್ಲದಿದ್ದರೆ ಡಿಸೆಂಬರ್‌ಗೆ ವಾಪಸ್.

ನಮ್ಮಲ್ಲಿ ಬಂದು ಉಳಿದವರೆಲ್ಲ ಡಿಗ್ರಿ ಮುಗಿಸಿದವರು. ಕೈಯಲ್ಲಿ ಡಿಗ್ರಿ ಇದ್ದವರು ಹೆದರದೆ ಆಡುತ್ತಾರೆ. ಒಬ್ಬ ಎಂಜಿನಿಯರ್ ಹುಡುಗ ನಾಲ್ಕು ವರ್ಷ ಆಡಿ ಈಗ ನನ್ನ ಕಂಪನಿಯಲ್ಲೇ ಕೆಲಸ ಮಾಡುತ್ತಾನೆ. ಬೇಕಿದ್ದರೆ ನಿಮ್ಮ ಮಗನ ಜೊತೆ ಮಾತಾಡಿಸುತ್ತೇನೆ.

ಬೆಂಗಳೂರಿನಿಂದ ಒಬ್ಬರು

ಇಲ್ಲಿನ ನೆಂಟರು 'ಭಾರತಕ್ಕೆ ಆಡಿಸಿ' ಅಂತ ಹೇಳೇ ಹೇಳುತ್ತಾರೆ, ಮೊದಲೇ ತಿಳಿಸುತ್ತೇನೆ. ಭಾರತ ತಂಡಕ್ಕೆ ಭಾರತದ ಪಾಸ್‌ಪೋರ್ಟ್ ಬೇಕು. ನಮ್ಮಲ್ಲಿ ಎರಡು ದೇಶದ ಪೌರತ್ವ ಇಲ್ಲ. ಅಮೆರಿಕದ ಪಾಸ್‌ಪೋರ್ಟ್ ಬಿಡಬೇಕಾಗುತ್ತದೆ. ಅದು 20 ವರ್ಷದ ಹುಡುಗ ಯೋಚಿಸಿ ಮಾಡಬೇಕಾದ ಕೆಲಸ. ರಜೆಗೆ ಬಂದಾಗ ಕಂಠೀರವ ಕಡೆ ಕರೆದುಕೊಂಡು ಬನ್ನಿ, ನಮ್ಮ ಹುಡುಗರ ಜೊತೆ ಆಡಲಿ.

ಪ್ರಶ್ನೆ ಕೇಳಿದ ತಾಯಿ

ನಿನ್ನೆ ರಾತ್ರಿ ಮೂವರೂ ಕೂತು ಸೋತ ಪಂದ್ಯದ ವಿಡಿಯೋ ನೋಡಿದೆವು. ಮಗ ಹದಿನೈದು ನಿಮಿಷ ಮಾತಾಡಲಿಲ್ಲ. ಆಮೇಲೆ ಅವನೇ ನಿಲ್ಲಿಸಿ, 'ಅಮ್ಮಾ, ಇಲ್ಲಿ ನಾನು ಸುಮ್ನೆ ನಿಂತಿದ್ದೀನಿ, ಇಲ್ಲೂ' ಅಂದ. ಮಂಡಿ ಕೇಳಿದೆ. ಮೆಟ್ಟಿಲು ಇಳಿಯುವಾಗ ಎಡಗಾಲು ನೋಯುತ್ತದಂತೆ, ಜನವರಿಯಿಂದ. ಗುರುವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ.

ಪೋರ್ಟಲ್‌ಗೆ ಈ ವರ್ಷ ಹೆಸರು ಹಾಕೋದಿಲ್ಲ ಅಂತ ಅವನೇ ಹೇಳಿದ. ಇನ್ನೊಂದು ವರ್ಷ ಇಲ್ಲೇ ಇದ್ದು ಹೊರಗಡೆಯ ಡಿಫೆನ್ಸ್ ಆಡಿಸಿ ಅಂತ ಕೋಚ್‌ಗೆ ಕೇಳುತ್ತಾನಂತೆ. ಅವರಪ್ಪ ಇವತ್ತು ಸಂಜೆ ಜಿಮ್‌ಗೆ ಜೊತೆಗೆ ಹೋಗಿದ್ದರು. ನೂರು ಫ್ರೀ ಥ್ರೋ ಹಾಕಿಸಿ ಕೂತು ಎಣಿಸಿದರಂತೆ. 77 ಬಿತ್ತು.