ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಶನ್‌ಗಳು ಪದೇ ಪದೇ ಕ್ರ್ಯಾಶ್ ಆಗುತ್ತಿವೆ

ಪ್ರಶ್ನೆ (ವಿರಾಜಪೇಟೆ):
ನಮಸ್ಕಾರ. ನನ್ನದು 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್. ಫೈರ್‌ಫಾಕ್ಸ್ ತೆರೆದ ಐದಾರು ನಿಮಿಷಗಳಲ್ಲೇ ಎಕ್ಸ್‌ಟೆನ್ಶನ್‌ಗಳು (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಕ್ರ್ಯಾಶ್ ಆಗಿವೆ, ಮತ್ತೆ ಚಾಲನೆ ಮಾಡಬೇಕೇ ಎಂದು ಕೇಳುವ ಪಟ್ಟಿಯೊಂದು ಮೇಲ್ಭಾಗದಲ್ಲಿ ಬರುತ್ತದೆ. ಒಪ್ಪಿಗೆ ಕೊಟ್ಟರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಜಾಹೀರಾತು ತಡೆಯುವುದು, ಪಾಸ್‌ವರ್ಡ್ ನೆನಪಿಡುವುದು, ಪುಟ ಅನುವಾದಿಸುವುದು, ಇಡೀ ಪುಟದ ಚಿತ್ರ ತೆಗೆಯುವುದು, ಹೀಗೆ ನಾಲ್ಕು ಹಾಕಿಕೊಂಡಿದ್ದೇನೆ. ಪ್ರತಿ ಸಲವೂ ಜಾಹೀರಾತುಗಳು ಧುತ್ತೆಂದು ಕಾಣಿಸಿಕೊಳ್ಳುವುದರಿಂದ ಮೊದಲನೆಯದೇ ಕೆಟ್ಟಿದೆ ಎಂದು ಎರಡು ಬಾರಿ ತೆಗೆದು ಮತ್ತೆ ಹಾಕಿದೆ, ಪ್ರಯೋಜನವಾಗಲಿಲ್ಲ. ಬ್ಯಾಟರಿ ಸತ್ತಿದೆ, ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ಯಂತ್ರ ಒಮ್ಮೆಲೇ ಆರಿಹೋಗುತ್ತದೆ. ಅದೇ ಕಾರಣವಿರಬಹುದೇ?

ಉತ್ತರ (ಮಡಿಕೇರಿ):
ಪ್ಲಗಿನ್ ಕಂಟೇನರ್ ಎಂಬ ಪ್ರಕ್ರಿಯೆಯನ್ನು ನಿಲ್ಲಿಸಿ ನೋಡಿ. ನನಗೆ ಹಿಂದೆ ಅದರಿಂದ ಸರಿಹೋಗಿತ್ತು.

ಉತ್ತರ (ಕುಶಾಲನಗರ):
ಮೇಲಿನ ಸಲಹೆ ಫ್ಲ್ಯಾಶ್ ಕಾಲದ್ದು; ಪ್ಲಗಿನ್ ಕಂಟೇನರ್ ಎಂದರೆ ಪುಟದಲ್ಲಿ ವಿಡಿಯೊ, ಆಟ ತೋರಿಸುವ ಫ್ಲ್ಯಾಶ್‌ನಂಥ ಹಳೆಯ ಪ್ಲಗಿನ್‌ಗಳನ್ನು ಓಡಿಸುತ್ತಿದ್ದ ಪ್ರಕ್ರಿಯೆ. 2017ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 52ರಲ್ಲೇ ಫ್ಲ್ಯಾಶ್ ಹೊರತು ಉಳಿದ ಹಳೆಯ ಪ್ಲಗಿನ್‌ಗಳ ಬೆಂಬಲ ನಿಂತಿತು; 2021ರ ಜನವರಿಯಲ್ಲಿ ಫ್ಲ್ಯಾಶ್ ಕೂಡ ಹೋಯಿತು. ಹುಡುಕಿದರೆ ಇಂಥ ಹಳೆಯ ಪರಿಹಾರಗಳೇ ಮೊದಲು ಸಿಗುತ್ತವೆ, ಅದೊಂದು ಕಿರಿಕಿರಿ.

ನಿಮ್ಮ ವಿಷಯಕ್ಕೆ ಬಂದರೆ, ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ಒಂದೇ ಪ್ರಕ್ರಿಯೆಯಲ್ಲಿ ಓಡಿಸುವುದರಿಂದ, ಅವುಗಳಲ್ಲಿ ಯಾವುದೋ ಒಂದು ಅದನ್ನು ಕೆಡವಿದರೆ ತಪ್ಪಿಲ್ಲದ ಉಳಿದ ಮೂರೂ ಜೊತೆಗೆ ಬೀಳುತ್ತವೆ. ಜಾಹೀರಾತು ಕಣ್ಣಿಗೆ ಬೀಳುತ್ತದೆಯೆಂದು ಆರೋಪ ಅದರ ಮೇಲೆ ಬಂದಿದೆ, ಅಷ್ಟೆ. ದೋಷ ಹುಡುಕಲೆಂದು ಫೈರ್‌ಫಾಕ್ಸ್‌ನಲ್ಲಿರುವ ಟ್ರಬಲ್‌ಶೂಟ್ ಮೋಡ್ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವುದರಿಂದ ಯಾವುದು ಎಂಬುದು ಅಲ್ಲಿ ತಿಳಿಯುವುದಿಲ್ಲ. ಎರಡನ್ನು ನಿಷ್ಕ್ರಿಯಗೊಳಿಸಿ ಅರ್ಧ ಗಂಟೆ ಕೆಲಸ ಮಾಡಿ. ಕ್ರ್ಯಾಶ್ ನಿಂತರೆ ದೋಷ ಆ ಎರಡರಲ್ಲೇ ಇದೆ, ನಿಲ್ಲದಿದ್ದರೆ ಉಳಿದೆರಡರಲ್ಲಿ. ವಿಳಾಸಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಬೌಟ್:ಪ್ರೊಸೆಸಸ್’ ಎಂದು ಟೈಪ್ ಮಾಡಿದರೆ ಎಕ್ಸ್‌ಟೆನ್ಶನ್ ಪ್ರಕ್ರಿಯೆಯ ಮೆಮೊರಿ ಎಷ್ಟು ಏರುತ್ತಿದೆ ಎಂಬುದೂ ಕಾಣುತ್ತದೆ. ಆದರೆ ಯಾವುದನ್ನೂ ಅಳಿಸಬೇಡಿ. ನಿಷ್ಕ್ರಿಯಗೊಳಿಸಿದರೆ ಅದರ ದತ್ತಾಂಶ ಉಳಿಯುತ್ತದೆ, ತೆಗೆದುಹಾಕಿದರೆ ಅದೂ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಸಿಕ್ಕಿತು ಸರ್, ಪುಟದ ಚಿತ್ರ ತೆಗೆಯುವುದೇ. ಅದನ್ನು ನಿಲ್ಲಿಸಿದ ಮೇಲೆ ಎರಡು ದಿನ ಏನೂ ಆಗಲಿಲ್ಲ. ಚಾಲನೆ ಮಾಡಿದೊಡನೆ ಮೆಮೊರಿ ಒಂದೂವರೆ ಜಿಬಿ ದಾಟಿ ಕ್ರ್ಯಾಶ್ ಆಯಿತು. ದಿನಾ ಬೆಳಿಗ್ಗೆ ಕಾಫಿಯ, ಅಂದರೆ ರೊಬಸ್ಟಾ ಚೆರ್ರಿ, ಅರೇಬಿಕಾ ಪಾರ್ಚ್‌ಮೆಂಟ್‌ನ 50 ಕೆಜಿ ಮೂಟೆಯ ದರವಿರುವ ಪುಟವನ್ನು ಅದರಲ್ಲಿ ತೆಗೆದಿಡುತ್ತಿದ್ದೆ. ಎರಡು ವರ್ಷದ ಚಿತ್ರಗಳೆಲ್ಲ ಅದರ ಒಳಗೇ ಇವೆ.

ಉತ್ತರ (ಕುಶಾಲನಗರ):
ಹಾಗಾದರೆ ಅದು ತೆರೆದುಕೊಳ್ಳುವಾಗ ಹಳೆಯ ಚಿತ್ರಗಳನ್ನೆಲ್ಲ ಮೆಮೊರಿಗೆ ಎಳೆದುಕೊಳ್ಳುತ್ತಿರಬೇಕು. ಉಳಿದ ಮೂರನ್ನು ನಿಲ್ಲಿಸಿ, ಟ್ಯಾಬ್‌ಗಳನ್ನು ಮುಚ್ಚಿ, ಅದೊಂದನ್ನೇ ಚಾಲನೆ ಮಾಡಿ, ಕ್ರ್ಯಾಶ್‌ಗೆ ಮುನ್ನ ಸಿಗುವ ಕೆಲವೇ ನಿಮಿಷಗಳಲ್ಲಿ ತಿಂಗಳು ತಿಂಗಳಾಗಿ ಚಿತ್ರಗಳನ್ನು ಫೋಲ್ಡರಿಗೆ ಉಳಿಸಿ, ಉಳಿಸಿದ್ದನ್ನು ಅದರೊಳಗಿಂದ ಅಳಿಸುತ್ತ ಬನ್ನಿ. ಕಂಟ್ರೋಲ್, ಶಿಫ್ಟ್, ಎಸ್ ಒತ್ತಿದರೆ ಇಡೀ ಪುಟದ ಚಿತ್ರ ತೆಗೆಯುವ ಸೌಲಭ್ಯ ಫೈರ್‌ಫಾಕ್ಸ್‌ನಲ್ಲೇ ಇದೆ; ಅದು ನೇರ ಡಿಸ್ಕಿಗೆ ಉಳಿಸುತ್ತದೆ. ಬ್ಯಾಟರಿಯನ್ನಂತೂ ಬದಲಾಯಿಸಿ, ಈ ಕ್ರ್ಯಾಶ್‌ಗೆ ಅದು ಕಾರಣವಲ್ಲದಿದ್ದರೂ.

ಪ್ರಶ್ನೆ ಕೇಳಿದವರು:
ಏಳು ತಿಂಗಳದ್ದು ಹೊರಗೆ ಬಂದಿದೆ, ಮೆಮೊರಿ ಈಗಲೇ ಇಳಿದಿದೆ. ಉಳಿದದ್ದನ್ನು ನಾಳೆ ಕರೆಂಟ್ ಇದ್ದಾಗ ಮುಗಿಸುತ್ತೇನೆ.