‘ಇಂಧನ ದಕ್ಷತೆ’ಗೆ ಬದಲು ‘ಒದಗು’ ಬಳಸಬಹುದೇ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ. ಕಡಿಮೆ ಕರೆಂಟಿನಲ್ಲಿ ಊರು ನಡೆದರೆ ರಾಯಚೂರು, ಬಳ್ಳಾರಿಯ ಸ್ಥಾವರಗಳಲ್ಲಿ ಅಷ್ಟು ಕಲ್ಲಿದ್ದಲು ಸುಡುವುದು ತಪ್ಪುತ್ತದೆ, ಹವಾಮಾನ ಕೆಡುವುದೂ ಅಷ್ಟು ಕಡಿಮೆ ಆಗುತ್ತದೆ ಅನ್ನೋದು ವಿಷಯ. ಆದರೆ ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ಎನರ್ಜಿ ಎಫಿಶಿಯೆನ್ಸಿಗೆ ಏನಂತ ಬರೆಯಲಿ?

ಪತ್ರಿಕೆಗಳಲ್ಲಿ ‘ಇಂಧನ ದಕ್ಷತೆ’ ಅಂತ ಬರುತ್ತದೆ. ಅದನ್ನೇ ಬರೆದು ಪಕ್ಕದ ಮನೆ ಅಜ್ಜಿಗೆ ಓದಿ ಹೇಳಿದೆ. “ಇಂಧನ ಅಂದ್ರೆ ಪೆಟ್ರೋಲ್ ಅಲ್ವೇನಪ್ಪಾ? ನಮ್ಮನೇಲಿ ಗಾಡಿನೇ ಇಲ್ವಲ್ಲ” ಅಂದರು. ‘ದಕ್ಷ’ ಕೂಡ ನಮ್ಮ ಕಿವಿಗೆ ಮನುಷ್ಯರ ಗುಣ. ದಕ್ಷ ಅಧಿಕಾರಿ ಅಂದರೆ ಗೊತ್ತಾಗುತ್ತದೆ, ದಕ್ಷ ಫ್ಯಾನು ಅಂದರೆ ಏನೂ ಹೊಳೆಯುವುದಿಲ್ಲ. ‘ಶಕ್ತಿ’ ಅಂದರೆ 2023ರಿಂದ ಈಚೆಗೆ ಎಲ್ಲರಿಗೂ ನೆನಪಾಗುವುದು ಹೆಂಗಸರ ಉಚಿತ ಬಸ್ಸು.

‘ವಿದ್ಯುತ್ ಉಳಿತಾಯ’ ಸುಲಭದ ಮಾತು. ಅರ್ಥ ಮಾತ್ರ ಬೇರೆ. ಲೈಟ್ ಆರಿಸಿ ಕೂತರೂ ಉಳಿತಾಯವೇ. ನಾನು ಹೇಳಬೇಕಾದ್ದು, ಬೆಳಕು ಅಷ್ಟೇ ಇರಲಿ, ಕರೆಂಟು ಕಡಿಮೆ ಸಾಕು ಅಂತ. 60 ವ್ಯಾಟಿನ ಹಳೇ ಬಲ್ಬು ಒಂದು ಯೂನಿಟ್ಟಿನಲ್ಲಿ 16-17 ಗಂಟೆ ಉರಿಯುತ್ತದೆ. ‘ಹೊಸ ಬೆಳಕು’ ಯೋಜನೆಯಲ್ಲಿ ಕೊಟ್ಟ 9 ವ್ಯಾಟಿನ ಎಲ್‌ಇಡಿ ಅದೇ ಒಂದು ಯೂನಿಟ್ಟಿನಲ್ಲಿ ಸುಮಾರು 110 ಗಂಟೆ. ಯಾರೂ ಕತ್ತಲಲ್ಲಿ ಕೂರಬೇಕಿಲ್ಲ. ಆದರೆ ‘ಉಳಿತಾಯ’ ಅಂದ ಕೂಡಲೇ ಜನಕ್ಕೆ ‘ಬಿಟ್ಟುಕೊಡಿ’ ಅಂತ ಕೇಳಿಸುತ್ತದೆ. ನನಗೆ ಅದೇ ಚಿಂತೆ.

ಮನೆಮಾತಿನಲ್ಲಿ ಹುಡುಕಿದೆ. ಹಳೇ ಫ್ರಿಜ್ಜು ಕರೆಂಟು ಕುಡಿಯುತ್ತೆ. ಮೋಟರು ಜಾಸ್ತಿ ಎಳೆಯುತ್ತೆ. ಒಲೆ ಸೌದೆ ತಿನ್ನುತ್ತೆ. ಹೀಗೆ ಬೈಯೋದಕ್ಕೆ ಬೇಕಾದಷ್ಟು ಮಾತಿದೆ. ಹೊಗಳೋದಕ್ಕೆ ಸಿಕ್ಕಿದ್ದು ಗಾಡಿಯ ‘ಮೈಲೇಜ್’ ಒಂದೇ.

ಮೊನ್ನೆ ಅಮ್ಮ ಅಡುಗೆಮನೆಯಲ್ಲಿ ಅಕ್ಕಿ ಅಳೆಯುತ್ತಿದ್ದಳು. ಪಾವಿನ ಬಾಯಿಯನ್ನು ಅಂಗೈಯಲ್ಲಿ ಸವರಿ ಮಟ್ಟ ಮಾಡಿ ಮೂರು ಸಲ ಪಾತ್ರೆಗೆ ಹಾಕಿದಳು. ನಾಲ್ಕನೆಯದನ್ನು ತುಂಬಿ, ಮತ್ತೆ ಡಬ್ಬಕ್ಕೇ ಸುರಿದಳು. “ಹಳೇ ಅಕ್ಕಿ ಇದು, ಚೆನ್ನಾಗಿ ಒದಗುತ್ತೆ” ಅಂದಳು. ಅವತ್ತು ಊಟಕ್ಕೆ ಆರು ಜನ. ಯಾರ ತಟ್ಟೆಗೂ ಅನ್ನ ಕಡಿಮೆಯಾಗಲಿಲ್ಲ. ನಾನು ಹುಡುಕುತ್ತಿದ್ದ ಅರ್ಥ ಇದೇ ಅಲ್ವಾ?

ಊರಿನ ಮಟ್ಟಕ್ಕೂ ಈ ಪದ ಒಪ್ಪುತ್ತದೆಯೇ ಅಂತ ಕಾವೇರಿ ನೀರಿನ ಮೇಲೆ ಹಚ್ಚಿ ನೋಡಿದೆ. ತೊರೆಕಾಡನಹಳ್ಳಿಯಿಂದ ಹೊರಟ ನೀರನ್ನು ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಸುಮಾರು ಅರ್ಧ ಕಿಲೋಮೀಟರು ಎತ್ತರ ಏರಿಸಿ ಬೆಂಗಳೂರಿಗೆ ತರುತ್ತಾರೆ. ನಮ್ಮ ಬೀದಿ ವಾಲ್ವಿನ ಹತ್ತಿರ ಸೋರುವ ಒಂದೊಂದು ಬಿಂದಿಗೆಯ ಜೊತೆಗೂ ಆ ಕರೆಂಟು ಚರಂಡಿ ಸೇರುತ್ತದೆ. ಆ ಸೋರಿಕೆ ನಿಲ್ಲಿಸಿದರೆ ಎತ್ತಿದ ನೀರೂ ಒದಗುತ್ತದೆ, ಎತ್ತಲು ಹಾಕಿದ ಕರೆಂಟೂ ಒದಗುತ್ತದೆ. ತಾರಸಿಗೆ ಬಿಳಿ ಬಣ್ಣ ಬಳಿದು ಬಿಸಿಲು ತಡೆದರೆ ಫ್ಯಾನಿಗೆ, ಏಸಿಗೆ ಹಾಕುವ ಕರೆಂಟಿಗೂ ಇದೇ ಮಾತು ಹೊಂದುತ್ತದೆ.

ಒಂದು ತೊಡಕಿದೆ. ಬರಹದಲ್ಲಿ ‘ವಿದ್ಯುತ್ ಒದಗಿಸು’ ಅಂದರೆ ಪೂರೈಸು ಅಂತಲೇ ಅರ್ಥ. ‘ಕರೆಂಟು ಒದಗುತ್ತದೆ’ ಅಂತ ಓದಿದವರು ಲೈನ್ ಬರುತ್ತದೆ ಅಂದುಕೊಂಡರೆ? ವಸ್ತುವಿಗೇ ಅಂಟಿಸಿ ‘ಕರೆಂಟು ಒದಗುವ ಬಲ್ಬು’, ‘ಕರೆಂಟು ಒದಗುವ ಮನೆ’ ಅಂದರೆ ಈ ಗೊಂದಲ ಸ್ವಲ್ಪ ಕಡಿಮೆ ಅನ್ನಿಸುತ್ತದೆ. ತಲೆಬರಹಕ್ಕೆ ನಾಮಪದ ಬೇಕಲ್ಲ, ಅಲ್ಲಿ ‘ಒದಗಿಕೆ’ ಅಂದರೆ ನಿಮ್ಮ ಕಿವಿಗೆ ಹೇಗಿದೆ?

ಉತ್ತರ ಕರ್ನಾಟಕದವರು ‘ಬರಕತ್ತು’ (ಇದ್ದದ್ದೇ ಹೆಚ್ಚಾಗಿ ಒದಗಿಬರುವುದು) ಬಗ್ಗೆ ದಯವಿಟ್ಟು ಹೇಳಿ. ದುಡ್ಡಿಗೆ, ಕಾಳಿಗೆ ಹೇಳುವುದನ್ನು ಕೇಳಿದ್ದೇನೆ. ಸಾಮಾನಿಗೆ, ಮಿಷನ್ನಿಗೂ ಹೇಳುತ್ತೀರಾ? ಕರಾವಳಿ ಕಡೆ ಅಕ್ಕಿ ಒದಗುವುದಕ್ಕೆ ಬೇರೆ ಮಾತೇನಾದರೂ ಇದೆಯೇ? ‘ಒಂದು ಸಿಲಿಂಡರ್ ಎಷ್ಟು ದಿನ ಬರುತ್ತೆ’ ಅಂತೀವಲ್ಲ, ಆ ‘ಬರುತ್ತೆ’ಯಿಂದಲೂ ಒಂದು ಪದ ಕಟ್ಟಬಹುದೇನೋ. ಮುಂದಿನ ವಾರ ಕರಪತ್ರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನಿಮ್ಮ ಕಡೆಯ ಮಾತು, ಅದನ್ನು ಬಳಸುವ ಒಂದು ವಾಕ್ಯದ ಸಮೇತ ಬರೆದು ಕಳಿಸುತ್ತೀರಾ?